ದಿ ಕ್ಯೂರ್ ಹಾಡುಗಳಲ್ಲಿ ಪಲ್ಲವಿ ಎಲ್ಲಿದೆ?

ಕಾಡುದಾರಿ

ನನ್ನ ಅಕ್ಕನ ಮಗಳಿಗೆ ಈಗ ಹದಿನೇಳು ವರ್ಷ. ಕಳೆದ ಭಾನುವಾರ ಊಟ ಮುಗಿದ ಮೇಲೆ ಮೊಬೈಲ್ ಹಿಡಿದು ಬಂದು, ‘ಮಾಮ, ಇವರ ಬೇರೆ ಯಾವ ಹಾಡು ಕೇಳಲಿ?’ ಎಂದಳು. ಅವಳು ಕೇಳುತ್ತಿದ್ದದ್ದು ಇಂಗ್ಲೆಂಡಿನ ರಾಕ್ ತಂಡ ದಿ ಕ್ಯೂರ್‌ನ ‘ಫ್ರೈಡೇ ಐ ಆಮ್ ಇನ್ ಲವ್’. ಮೂವತ್ತು ವರ್ಷಗಳಿಂದ ನಾನು ಈ ತಂಡವನ್ನು ಕೇಳುತ್ತಿದ್ದೇನೆ. ಮೈಸೂರಿನ ಒಂದು ಬಾಡಿಗೆ ಕೋಣೆಯಲ್ಲಿ ಅವರ ಕ್ಯಾಸೆಟ್ ಹಾಕಿಕೊಂಡು, ನಿಲ್ಲಿಸಿ, ಹಿಂದೆ ಸುತ್ತಿ, ಮತ್ತೆ ಹಾಕಿ, ಬೇಸ್ ಗಿಟಾರ್ ಕಲಿತವನು. ಆದರೂ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ‘ನಾಳೆ ಹೇಳುತ್ತೇನೆ’ ಎಂದೆ. ಒಂದು ವಾರವಾಯಿತು.

ಕೊನೆಗೆ ಐದು ಹಾಡು ಆರಿಸಿದ್ದೇನೆ, ಇದೇ ಕ್ರಮದಲ್ಲಿ: ‘ಎ ಫಾರೆಸ್ಟ್’, ‘ಇನ್ ಬಿಟ್ವೀನ್ ಡೇಸ್’, ‘ಜಸ್ಟ್ ಲೈಕ್ ಹೆವನ್’, ‘ಲಲಬೈ’, ‘ಪಿಕ್ಚರ್ಸ್ ಆಫ್ ಯೂ’. ಐದೂ ಜನಪ್ರಿಯ ಹಾಡುಗಳೇ. ಬೇಕೆಂದೇ ಹಾಗೆ ಆರಿಸಿದೆ.

‘ಎ ಫಾರೆಸ್ಟ್’ ಮೊದಲಿಗೆ ಏಕೆಂದರೆ, 1980ರಲ್ಲಿ ಬಂದ ಈ ಹಾಡಿನಲ್ಲಿ ತಂಡಕ್ಕೆ ತನ್ನ ದನಿ ಸಿಕ್ಕಿತು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 31ನೇ ಸ್ಥಾನ ಪಡೆದು, ಮೊದಲ ನಲವತ್ತರೊಳಗೆ ಬಂದ ಅವರ ಮೊದಲ ಹಾಡು ಇದು. ಎ ಮೈನರ್, ಸಿ, ಎಫ್, ಡಿ ಮೈನರ್: ನಾಲ್ಕೇ ಕಾರ್ಡುಗಳು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳು. ಒಂದು ತಿಂಗಳು ಗಿಟಾರ್ ಕಲಿತವರೂ ಇದನ್ನು ನುಡಿಸಬಲ್ಲರು. ಆದರೆ ಹಾಡನ್ನು ಹೊತ್ತುಕೊಂಡು ನಡೆಯುವುದು ಸೈಮನ್ ಗ್ಯಾಲಪ್ ಅವರ ಬೇಸ್. ಗಾಯಕ ರಾಬರ್ಟ್ ಸ್ಮಿತ್ ಹಾಡಿ ಮುಗಿಸುತ್ತಾರೆ, ಡ್ರಮ್ ನಿಲ್ಲುತ್ತದೆ, ಗಿಟಾರ್ ನಿಲ್ಲುತ್ತದೆ. ಬೇಸ್ ಒಂದೇ ಉಳಿದು ಕತ್ತಲಲ್ಲಿ ಇನ್ನೂ ನಾಲ್ಕು ಹೆಜ್ಜೆ ಹಾಕುತ್ತದೆ. ಇಪ್ಪತ್ತರ ಹರೆಯದಲ್ಲಿ ಅದನ್ನು ಮೊದಲ ಸಲ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿಮ್ಮ ಐದು ಹಾಡುಗಳು ಯಾವುವು? ನನ್ನ ಪಟ್ಟಿ ತಪ್ಪು ಎನಿಸಿದರೆ ದಯವಿಟ್ಟು ನೇರವಾಗಿ ಹೇಳಿ.

ಕಪ್ಪುಕೊಡೆ

ತಪ್ಪು ಎಂದೇ ಹೇಳುತ್ತೇನೆ, ಬೇಸರಿಸಬೇಡಿ. ಈ ತಂಡವನ್ನು ಬಿಡಿ ಹಾಡುಗಳಾಗಿ ಕೊಡಬಾರದು. 1981ರ ‘ಫೇಯ್ತ್’, 1982ರ ‘ಪೋರ್ನಾಗ್ರಫಿ’, 1989ರ ‘ಡಿಸಿಂಟಿಗ್ರೇಷನ್’. ಈ ಮೂರು ಆಲ್ಬಮ್‌ಗಳನ್ನು ಮೊದಲಿನಿಂದ ಕೊನೆಯವರೆಗೆ, ದೀಪ ಆರಿಸಿ ಕೇಳಬೇಕು. ‘ಡಿಸಿಂಟಿಗ್ರೇಷನ್’ ಎಪ್ಪತ್ತು ನಿಮಿಷಕ್ಕೂ ಹೆಚ್ಚಿದೆ. ಅದರ ಹೊದಿಕೆಯ ಮೇಲೆಯೇ, ಇದನ್ನು ಜೋರಾಗಿ ಹಾಕಲೆಂದೇ ಮಿಶ್ರಣ ಮಾಡಿದ್ದೇವೆ, ದನಿ ಹೆಚ್ಚಿಸಿ ಎಂಬ ಅರ್ಥದ ಸಾಲು ಅಚ್ಚಾಗಿದೆ. ಮೂವತ್ತು ತುಂಬುವ ಹೊಸ್ತಿಲಲ್ಲಿ ನಿಂತಿದ್ದ ಸ್ಮಿತ್, ತನ್ನ ಶ್ರೇಷ್ಠ ಕೆಲಸವನ್ನು ಇನ್ನೂ ಮಾಡಿಲ್ಲ ಎಂಬ ಭಯದಲ್ಲಿ ಬರೆದ ಸಂಗೀತ ಅದು. ಅಂಥದ್ದರಿಂದ ‘ಲಲಬೈ’ಯನ್ನು ಕಿತ್ತು ‘ಇನ್ ಬಿಟ್ವೀನ್ ಡೇಸ್’ ಪಕ್ಕದಲ್ಲಿಟ್ಟರೆ ಎರಡೂ ಹಾಡುಗಳಿಗೆ ಅನ್ಯಾಯ.

ಇನ್ನೊಂದು ಮಾತು. ಹದಿನೇಳರ ಹುಡುಗಿಗೆ ಕತ್ತಲಿನ ಸಂಗೀತ ಕೊಡಲು ನಾವು ಅಂಜುತ್ತೇವೆ. ನನಗೆ ಆ ವಯಸ್ಸಿನಲ್ಲಿ ‘ಫೇಯ್ತ್’ ಆಲ್ಬಮ್ಮಿನ ‘ಆಲ್ ಕ್ಯಾಟ್ಸ್ ಆರ್ ಗ್ರೇ’ ಸಿಕ್ಕಿತು. ಮನೆಯಲ್ಲಿ ಯಾರೂ ನನ್ನೊಂದಿಗೆ ಮಾತನಾಡದಿದ್ದ ಒಂದು ಮಳೆಗಾಲವನ್ನು ಆ ಒಂದು ಹಾಡು ದಾಟಿಸಿತು. ದುಃಖದ ಹಾಡು ದುಃಖವನ್ನು ಹೆಚ್ಚಿಸುತ್ತದೆ ಎನ್ನುವವರು ದುಃಖದಲ್ಲಿ ಹಾಡು ಕೇಳಿಲ್ಲ.

ಕಾಡುದಾರಿ

ನಿಮ್ಮ ಮಳೆಗಾಲದ ಮಾತು ಮನಸ್ಸಿಗೆ ತಟ್ಟಿತು. ಆದರೆ ಒಂದನ್ನು ಒಪ್ಪಲಾರೆ. ಜನಪ್ರಿಯ ಹಾಡುಗಳು ಬಾರದೇ ಹೋಗಿದ್ದರೆ ‘ಡಿಸಿಂಟಿಗ್ರೇಷನ್’ ಕೂಡ ಬರುತ್ತಿರಲಿಲ್ಲ. 1982ರಲ್ಲಿ ನಡೆದದ್ದನ್ನು ನೆನೆಯಿರಿ. ‘ಪೋರ್ನಾಗ್ರಫಿ’ ಪ್ರವಾಸದಲ್ಲಿ, ಸ್ಟ್ರಾಸ್‌ಬರ್ಗ್‌ನಲ್ಲಿ ಸ್ಮಿತ್ ಮತ್ತು ಗ್ಯಾಲಪ್ ಕೈಕೈ ಮಿಲಾಯಿಸಿದರು. ಗ್ಯಾಲಪ್ ತಂಡ ಬಿಟ್ಟರು. ಉಳಿದವರು ಸ್ಮಿತ್ ಮತ್ತು ಲಾಲ್ ಟಾಲ್‌ಹರ್ಸ್ಟ್, ಇಬ್ಬರೇ. ಹೊರಗಿನವರ ಕಣ್ಣಿಗೆ ತಂಡ ಅಲ್ಲಿಗೆ ಮುಗಿದಿತ್ತು. ಅವರ ಹಾಡು ಹೊರತರುತ್ತಿದ್ದ ಸಂಸ್ಥೆ ಫಿಕ್ಷನ್ ರೆಕಾರ್ಡ್ಸ್‌ನ ಕ್ರಿಸ್ ಪ್ಯಾರಿ ಅವರ ಒತ್ತಾಸೆಯಿಂದ ಸ್ಮಿತ್ ‘ಲೆಟ್ಸ್ ಗೋ ಟು ಬೆಡ್’ ಎಂಬ ಹಗುರವಾದ ನೃತ್ಯಗೀತೆ ಮಾಡಿದರು. ಮರುವರ್ಷ ‘ದಿ ವಾಕ್’ 12ನೇ ಸ್ಥಾನಕ್ಕೆ, ‘ದಿ ಲವ್‌ಕ್ಯಾಟ್ಸ್’ 7ನೇ ಸ್ಥಾನಕ್ಕೆ ಏರಿದವು. ಅಷ್ಟು ಕಡು ಆಲ್ಬಮ್ ಮಾಡಿದ ಕೈ ಒಂದೂವರೆ ವರ್ಷದೊಳಗೆ ಬೆಕ್ಕಿನ ಹೆಜ್ಜೆಯ ಜಾಜ್ ಹಾಡನ್ನೂ ಮಾಡಿತು. ನನಗೆ ಅದು ರಾಜಿ ಎಂದು ಒಮ್ಮೆಯೂ ಅನ್ನಿಸಿಲ್ಲ. ಉಸಿರು ಕಟ್ಟಿದವನು ಕಿಟಕಿ ತೆರೆದಂತೆ ಕೇಳುತ್ತದೆ.

ಗ್ಯಾಲಪ್ ಮರಳಿ ಬಂದ ಮೇಲೆ 1985ರಲ್ಲಿ ‘ದಿ ಹೆಡ್ ಆನ್ ದಿ ಡೋರ್’ ಬಂತು. ‘ಇನ್ ಬಿಟ್ವೀನ್ ಡೇಸ್’ ಅದರ ಮೊದಲ ಹಾಡು. ಗಿಟಾರಿನ ಸುರಿಮಳೆ ಕೇಳಿ ಸಂತೋಷದ ಹಾಡು ಎಂದುಕೊಳ್ಳುತ್ತೇವೆ. ಒಳಗಿರುವುದು ವಯಸ್ಸಾಗುವ ಭಯ, ಕೈಬಿಟ್ಟು ಹೋದವರನ್ನು ಕರೆಯುವ ಸಂಕಟ. ನಿಮ್ಮ ಕತ್ತಲು ಅಲ್ಲಿಯೂ ಇದೆ, ಬಿಸಿಲಿನಲ್ಲಿ ನಿಂತಿದೆ ಅಷ್ಟೆ.

ತಂಬೂರಿ

ಈ ಚರ್ಚೆಗೆ ನಾನು ಬೇರೆ ಬಾಗಿಲಿನಿಂದ ಬಂದವಳು. ಧಾರವಾಡದಲ್ಲಿ ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡುತ್ತೇನೆ. ಮಗ ಈ ತಂಡದ ಹಾಡುಗಳನ್ನು ಮನೆಯಲ್ಲಿ ಹಾಕುತ್ತಿದ್ದ. ಅವನು ಕೆಲಸಕ್ಕೆಂದು ಊರು ಬಿಟ್ಟ ಮೇಲೆ ಮನೆ ಮೌನವಾಯಿತು, ಆಗ ನಾನೇ ಹಾಕಿಕೊಂಡು ಕೇಳಲು ಶುರು ಮಾಡಿದೆ.

ಒಂದು ದಿನ ‘ಫ್ರೈಡೇ ಐ ಆಮ್ ಇನ್ ಲವ್’ಗೆ ಹಾರ್ಮೋನಿಯಂ ಹಿಡಿದು ಕುಳಿತೆ. ಬಿಳಿ ಎರಡು ಒತ್ತಿದರೆ ಹಾಡು ಸ್ವಲ್ಪ ಮೇಲಿದೆ. ಕಪ್ಪು ಎರಡು ಒತ್ತಿದರೆ ಸ್ವಲ್ಪ ಕೆಳಗಿದೆ. ಎರಡು ಪಟ್ಟಿಗಳ ನಡುವೆ ಎಲ್ಲೋ ಕುಳಿತಿದೆ. ನನ್ನ ಪೆಟ್ಟಿಗೆಯೇ ಶ್ರುತಿ ತಪ್ಪಿದೆ ಎಂದುಕೊಂಡು ತಂಬೂರಿ ಆ್ಯಪ್ ಹಾಕಿ ನೋಡಿದೆ. ಪೆಟ್ಟಿಗೆ ಸರಿಯಾಗಿಯೇ ಇತ್ತು. ಆಮೇಲೆ ಮಗ ಹೇಳಿದ: ಧ್ವನಿಮುದ್ರಣದ ವೇಳೆ ಸ್ಮಿತ್ ಟೇಪಿನ ವೇಗ ಬದಲಿಸುವ ಗುಂಡಿಯೊಂದಿಗೆ ಏನೋ ಪ್ರಯೋಗ ಮಾಡಿ, ಅದನ್ನು ಹಿಂದಕ್ಕೆ ತಿರುಗಿಸಲು ಮರೆತರಂತೆ. ಹಾಗಾಗಿ ಇಡೀ ಹಾಡು ಕಾಲು ಸ್ವರದಷ್ಟು ಮೇಲಕ್ಕೆ ಎದ್ದಿದೆ. 1992ರ ‘ವಿಶ್’ ಆಲ್ಬಮ್ಮಿನಲ್ಲಿ ಅದು ಹಾಗೆಯೇ ಉಳಿಯಿತು. ಆ ಹಾಡು ನೆಲಕ್ಕೆ ಕಾಲು ತಾಗದ ಹಾಗೆ ಕೇಳಿಸುತ್ತದಲ್ಲ, ಅದಕ್ಕೆ ಈ ಮರೆವೂ ಒಂದು ಕಾರಣ ಎಂದು ನನಗೆ ಗಾಢವಾಗಿ ಅನ್ನಿಸುತ್ತದೆ.

ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಬೇರೆ. ಭಾವಗೀತೆಯಲ್ಲಿ ಚರಣ ಮುಗಿದಾಗಲೆಲ್ಲ ದನಿ ಪಲ್ಲವಿಗೆ ಮರಳುತ್ತದೆ. ಕೇಳುವವರು ಆ ಮರಳುವಿಕೆಗೇ ಕಾಯುತ್ತಾರೆ. ‘ಜಸ್ಟ್ ಲೈಕ್ ಹೆವನ್’ನಲ್ಲಿ ದನಿಗೆ ಪಲ್ಲವಿಯೇ ಇಲ್ಲ, ಗಮನಿಸಿದ್ದೀರಾ? ‘ಎ ಫಾರೆಸ್ಟ್’ನಲ್ಲಿಯೂ ಇಲ್ಲ. ‘ಪಿಕ್ಚರ್ಸ್ ಆಫ್ ಯೂ’ ಮಾತಿನ ಮೇಲೆ ಮಾತು ಪೇರಿಸುತ್ತ ಮುಂದೆ ಹೋಗುತ್ತದೆ. ಮರಳಿ ಬರುವುದು ವಾದ್ಯ. ‘ಜಸ್ಟ್ ಲೈಕ್ ಹೆವನ್’ನಲ್ಲಿ ಮೆಟ್ಟಿಲಿಳಿದಂತೆ ಬರುವ ಗಿಟಾರಿನ ಆ ಸಣ್ಣ ಎಳೆಯನ್ನು ನನ್ನ ವಿದ್ಯಾರ್ಥಿಗಳಿಗೆ ಒಮ್ಮೆ ಕೇಳಿಸಿದೆ. ಎರಡನೇ ಸಲಕ್ಕೆ ಎಲ್ಲರೂ ಗುನುಗುತ್ತಿದ್ದರು. ಮಾತು ಒಂದೂ ತಿಳಿದಿರಲಿಲ್ಲ. ಪಲ್ಲವಿಯನ್ನು ತಂತಿಗೆ ಕೊಟ್ಟು ಚರಣವನ್ನು ಮಾತ್ರ ದನಿಗೆ ಇಟ್ಟುಕೊಂಡ ತಂಡ ಇದು.

ಕಾಡುದಾರಿ

ತಂಬೂರಿ ಅವರೇ, ಮೂವತ್ತು ವರ್ಷ ನುಡಿಸಿಯೂ ನಾನು ಈ ಮಾತನ್ನು ಹೀಗೆ ಯೋಚಿಸಿರಲಿಲ್ಲ. ‘ಜಸ್ಟ್ ಲೈಕ್ ಹೆವನ್’ ಹುಟ್ಟಿದ ಬಗೆಯೂ ನಿಮ್ಮ ಮಾತಿಗೆ ಒತ್ತು ಕೊಡುತ್ತದೆ. ಅದು ಮೊದಲು ಮಾತಿಲ್ಲದ ಸಂಗೀತವಾಗಿಯೇ ಇತ್ತು. ಫ್ರಾನ್ಸಿನ ‘ಲೇ ಜಾಂಫಾಂ ದ್ಯು ರಾಕ್’ ಎಂಬ ಟಿವಿ ಕಾರ್ಯಕ್ರಮಕ್ಕೆ ಶೀರ್ಷಿಕೆ ಸಂಗೀತ ಕೇಳಿದಾಗ ಸ್ಮಿತ್ ಆ ವಾದ್ಯರೂಪವನ್ನೇ ಕೊಟ್ಟರು. ಮಾತು ಆಮೇಲೆ ಬಂತು. ದಕ್ಷಿಣ ಇಂಗ್ಲೆಂಡಿನ ಬೀಚಿ ಹೆಡ್ ಎಂಬ ಸುಣ್ಣಕಲ್ಲಿನ ಕಡಲಬಂಡೆಗೆ ಮೇರಿಯೊಂದಿಗೆ ಹೋದ ನೆನಪಿನಿಂದ. ಶಾಲೆಯ ದಿನಗಳಿಂದ ಜೊತೆಗಿದ್ದ ಮೇರಿಯನ್ನು ಅವರು 1988ರಲ್ಲಿ ಮದುವೆಯಾದರು. ವಿಡಿಯೋದಲ್ಲಿ ಬಿಳಿ ಉಡುಪಿನಲ್ಲಿ ನರ್ತಿಸುವವರು ಅವರೇ.

ಹಾಡಿನ ಆರಂಭವನ್ನು ಇನ್ನೊಮ್ಮೆ ಕೇಳಿ. ಬೋರಿಸ್ ವಿಲಿಯಮ್ಸ್ ಅವರ ಡ್ರಮ್ಮಿನ ಒಂದು ಉರುಳು, ಅದರೊಂದಿಗೆ ಬೇಸ್. ಮೇಲೆ ಒಂದು ಗಿಟಾರ್. ಅದರ ಮೇಲೆ ಕೀಬೋರ್ಡಿನ ಹೊದಿಕೆ. ಆಮೇಲೆ ನೀವು ಹೇಳಿದ ಆ ಇಳಿಜಾರಿನ ಎಳೆ. ಎಲ್ಲರೂ ಬಂದು ಕುಳಿತ ಮೇಲೆ, ಐವತ್ತು ಸೆಕೆಂಡಿನ ಹತ್ತಿರ, ದನಿ ಒಳಗೆ ಬರುತ್ತದೆ. ಮೂರೂವರೆ ನಿಮಿಷದ ಪಾಪ್ ಹಾಡಿನಲ್ಲಿ ಇಷ್ಟು ಹೊತ್ತು ಗಾಯಕನನ್ನು ಕಾಯಿಸಲು ಧೈರ್ಯ ಬೇಕು. 1987ರಲ್ಲಿ ಬಂದ ಅದೇ ಹಾಡು ಅವರನ್ನು ಅಮೆರಿಕದ ಮೊದಲ ನಲವತ್ತರೊಳಗೆ ಕೊಂಡೊಯ್ದಿತು. ಸರಿಯಾಗಿ ನಲವತ್ತನೇ ಸ್ಥಾನ.

ಹೊಸಕೇಳುಗ

ನಾನು ‘ಲವ್‌ಸಾಂಗ್’ ಹಾಡನ್ನು ಅಡೆಲ್ ಅವರ ‘21’ ಆಲ್ಬಮ್ಮಿನಲ್ಲಿ ಕೇಳಿದ್ದೆ. ಮೂಲ ಬೇರೆಯವರದ್ದು ಎಂದು ಕಾಲೇಜು ಮುಗಿಯುವ ಹೊತ್ತಿಗೆ ತಿಳಿಯಿತು. ಈಗ ಮೂಲವೇ ಹೆಚ್ಚು ಹಿಡಿಸುತ್ತದೆ.

ಒಂದು ಪ್ರಶ್ನೆ ಇದೆ. ಅವರ ಮೊದಲ ಹಾಡಿನ ಹೆಸರು ನೋಡಿ ನನಗೆ ಕಸಿವಿಸಿಯಾಯಿತು. ‘ಕಿಲ್ಲಿಂಗ್ ಆ್ಯನ್ ಅರಬ್’. ಇದನ್ನು ಬಲ್ಲವರು ವಿವರಿಸಬಹುದೇ?

ಕಪ್ಪುಕೊಡೆ

ಕಸಿವಿಸಿ ಸಹಜ. 1978ರ ಕೊನೆಗೆ ಬಂದ ಆ ಹಾಡು ಆಲ್ಬೆರ್ ಕಾಮು ಅವರ ಕಾದಂಬರಿಯನ್ನು ಆಧರಿಸಿದ್ದು. ಅಲ್ಜೀರಿಯದ ಕಡಲತೀರ, ಸುಡುವ ಬಿಸಿಲು, ಕಾರಣವಿಲ್ಲದ ಕೊಲೆ, ಏನೂ ಅನ್ನಿಸದ ಕೊಲೆಗಾರ. ಓದಿದ ಪುಸ್ತಕವನ್ನು ಮೂರು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಹಿಡಿಯಲು ಹೊರಟ ಹತ್ತೊಂಬತ್ತರ ಹುಡುಗ ಸ್ಮಿತ್. ಆದರೆ ಪುಸ್ತಕ ಓದದವರಿಗೆ ಕಾಣುವುದು ಹೆಸರು ಮಾತ್ರ, ಮತ್ತು ಜನಾಂಗ ದ್ವೇಷಿಗಳು ಅದನ್ನು ಬಳಸಿಕೊಂಡರು. 1986ರಲ್ಲಿ ‘ಸ್ಟ್ಯಾಂಡಿಂಗ್ ಆನ್ ಎ ಬೀಚ್’ ಸಂಗ್ರಹ ಅಮೆರಿಕದಲ್ಲಿ ಬಂದಾಗ, ಹಾಡನ್ನು ಅರಬರ ವಿರುದ್ಧ ಬಳಸಬಾರದೆಂಬ ಎಚ್ಚರಿಕೆಯ ಚೀಟಿಯನ್ನು ಹೊದಿಕೆಗೆ ಅಂಟಿಸಬೇಕಾಯಿತು. ಮುಂದೆ ವೇದಿಕೆಯಲ್ಲಿ ಕೆಲವೊಮ್ಮೆ ಮಾತು ಬದಲಿಸಿ ಹಾಡಿದ್ದಾರೆ. ಬದಲಿಸಿದ್ದು ಸರಿ ಎಂದು ನನ್ನ ಅಭಿಪ್ರಾಯ. ಹಾಡು ಕೇಳುವ ಎಲ್ಲರ ಕೈಯಲ್ಲೂ ಪುಸ್ತಕ ಇರುವುದಿಲ್ಲ.

ಹೊಸಬರಿಗೆ ಆ ಕಾಲದ್ದೇ ಬೇಕಿದ್ದರೆ ‘ಬಾಯ್ಸ್ ಡೋಂಟ್ ಕ್ರೈ’ ಕೊಡಿ. 1979ರಲ್ಲಿ ಬಂದಾಗ ಅದು ಗೆಲ್ಲಲಿಲ್ಲ. ಇಂದು ಅದನ್ನು ಕೇಳದವರು ಕಡಿಮೆ. ಗಂಡಸರು ಅಳಬಾರದು ಎಂದು ಕಲಿಸುವ ಮನೆಗಳು ಎಲ್ಲ ದೇಶದಲ್ಲಿಯೂ ಇವೆ.

ಲೀಡ್ಸ್‌ಕನ್ನಡತಿ

ನಾನು ಇಂಗ್ಲೆಂಡಿನ ಲೀಡ್ಸ್‌ಗೆ ಕೆಲಸಕ್ಕೆ ಬಂದು ಹನ್ನೊಂದು ವರ್ಷವಾಯಿತು, ಆಸ್ಪತ್ರೆಯಲ್ಲಿ ನರ್ಸ್. 2018ರ ಜುಲೈ 7ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಅವರ ನಲವತ್ತನೇ ವರ್ಷದ ಕಛೇರಿಗೆ ಹೋಗಿದ್ದೆ. ರಾತ್ರಿ ಪಾಳಿ ಮುಗಿಸಿ ನೇರವಾಗಿ ರೈಲು ಹತ್ತಿದ್ದೆ. ಇಂಗ್ಲೆಂಡಿಗೆ ಅಪರೂಪದ ಬಿಸಿಲು. ಸ್ಮಿತ್ ಆ ಬಿಸಿಲಿನಲ್ಲಿ ಕಪ್ಪು ಬಟ್ಟೆ ತೊಟ್ಟು, ತುಟಿಗೆ ಕೆಂಪು ಹಚ್ಚಿ, ಸೂರ್ಯ ಇಳಿಯುವವರೆಗೆ ಮಾತನಾಡಲು ಆಗುವುದಿಲ್ಲ, ಕರಗದೆ ನಿಲ್ಲುವುದಕ್ಕೇ ಶಕ್ತಿಯೆಲ್ಲ ಹೋಗುತ್ತಿದೆ ಎಂದರು.

ಮೊದಲ ಹಾಡು ‘ಪ್ಲೇನ್‌ಸಾಂಗ್’. ಗಾಳಿಗಂಟೆಗಳ ಕಿಣಿಕಿಣಿ, ಒಂದು ಕ್ಷಣ ಏನೂ ಇಲ್ಲ, ಆಮೇಲೆ ಕೀಬೋರ್ಡ್ ಒಮ್ಮೆಲೇ ಅಣೆಕಟ್ಟು ಬಿರಿದಂತೆ. ಪಕ್ಕದಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು, ಕೂದಲು ಬೆಳ್ಳಗೆ, ಕಣ್ಣಿಗೆ ದಟ್ಟ ಕಾಡಿಗೆ. ನನಗೆ ಅಪರಿಚಿತರು. ಕೈ ಹಿಡಿದುಕೊಂಡರು, ಹಾಡು ಮುಗಿಯುವವರೆಗೆ ಬಿಡಲಿಲ್ಲ. ‘ಎ ಫಾರೆಸ್ಟ್’ನ ಕೊನೆಗೆ ಕಾಡುದಾರಿ ಅವರು ಹೇಳಿದ ಆ ಒಂಟಿ ಬೇಸ್ ಉಳಿದಾಗ ಇಡೀ ಮೈದಾನ ಅದರ ಲಯಕ್ಕೆ ಚಪ್ಪಾಳೆ ಹೊಡೆಯಿತು. ಸಾವಿರಾರು ಜನ ಒಂದು ಬೇಸ್ ತಂತಿಗೆ ತಾಳ ಹಾಕುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಟಿಮ್ ಪೋಪ್ ಆ ಸಂಜೆಯನ್ನು ಚಿತ್ರೀಕರಿಸಿದ್ದಾರೆ. ‘ಕ್ಲೋಸ್ ಟು ಮಿ’ ವಿಡಿಯೋದಲ್ಲಿ ತಂಡವನ್ನೆಲ್ಲ ಬೀರುವಿನೊಳಗೆ ತುಂಬಿ ಬಂಡೆಯಿಂದ ಕಡಲಿಗೆ ಬೀಳಿಸಿದ ನಿರ್ದೇಶಕ ಅವರೇ. ನಿಮ್ಮ ಅಕ್ಕನ ಮಗಳಿಗೆ ಹೈಡ್ ಪಾರ್ಕಿನ ಚಿತ್ರವನ್ನೂ ತೋರಿಸಿ.

ಕಪ್ಪುಕೊಡೆ

ತಂಬೂರಿ ಅವರ ಪಲ್ಲವಿಯ ಮಾತಿಗೆ ಒಂದು ತಕರಾರು. ‘ಲವ್‌ಸಾಂಗ್’ನಲ್ಲಿ ದನಿಗೆ ಸ್ಪಷ್ಟ ಪಲ್ಲವಿ ಇದೆ. ಅವರ ಹಾಡುಗಳಲ್ಲಿ ಅಮೆರಿಕದಲ್ಲಿ ಅತ್ಯಂತ ಮೇಲೆ ಹೋದದ್ದೂ ಅದೇ. 1989ರಲ್ಲಿ ಬಿಲ್‌ಬೋರ್ಡ್ ಪಟ್ಟಿಯ 2ನೇ ಸ್ಥಾನ.

ತಂಬೂರಿ

ಒಪ್ಪುತ್ತೇನೆ. ಅದು ಮೇರಿಗೆ ಮದುವೆಯ ಕಾಣಿಕೆಯಾಗಿ ಬರೆದದ್ದು ಎಂದು ಓದಿದ್ದೇನೆ. ಒಬ್ಬರಿಗೆ ಎದುರು ನಿಂತು ಹೇಳುವ ಮಾತನ್ನು ವಾದ್ಯದ ಕೈಗೆ ಕೊಡಲು ಬರುವುದಿಲ್ಲ. ದೂರ ಹೋದರೂ ನಿನ್ನವನೇ ಎಂಬ ಮಾತಿಗೆ ದನಿಯೇ ಮರಳಿ ಮರಳಿ ಬರಬೇಕು. ಆದರೂ ಅಲ್ಲಿನ ಬೇಸನ್ನು ಮಾತ್ರ ಕೇಳುತ್ತ ಕುಳಿತುಕೊಳ್ಳಿ. ದನಿ ಎಲ್ಲಿಗೆ ಹೋದರೂ ಅದು ತನ್ನ ಸುತ್ತು ಬಿಡುವುದಿಲ್ಲ. ಹಾಡಿನ ವಚನ ಪಾಲಿಸುತ್ತಿರುವುದು ಅದೇ ಎನ್ನಿಸುತ್ತದೆ.

ಅಣ್ಣನರೇಡಿಯೋ

ಬರೆಯಲೋ ಬೇಡವೋ ಎಂದು ಮೂರು ದಿನ ಯೋಚಿಸಿದೆ.

ನನಗೆ ಈ ತಂಡವನ್ನು ಪರಿಚಯಿಸಿದ್ದು ನನ್ನ ಅಣ್ಣ. ಶಿವಮೊಗ್ಗದ ನಮ್ಮ ಮನೆಯ ಅಟ್ಟದಲ್ಲಿ ಅವನ ಕೋಣೆ. ‘ಪಿಕ್ಚರ್ಸ್ ಆಫ್ ಯೂ’ ಹಾಡಿನ ಕಥೆ ಹೇಳಿದ್ದೂ ಅವನೇ. ಸ್ಮಿತ್ ಅವರ ಮನೆಗೆ ಬೆಂಕಿ ಬಿದ್ದ ಮೇಲೆ ಉಳಿದ ವಸ್ತುಗಳ ನಡುವೆ ಹೆಂಡತಿಯ ಫೋಟೋಗಳು ಸಿಕ್ಕಿ, ಅದರಿಂದ ಆ ಹಾಡು ಹುಟ್ಟಿತು ಎಂದು. ಏಳು ನಿಮಿಷಕ್ಕೂ ದೊಡ್ಡ ಹಾಡು, ದನಿ ಬರುವುದಕ್ಕೇ ಎರಡು ನಿಮಿಷದ ಹತ್ತಿರ ಬೇಕು. ಆ ಎರಡು ನಿಮಿಷದಲ್ಲಿ ಮಾತನಾಡಿದರೆ ಅಣ್ಣ ಕಣ್ಣು ಬಿಡುತ್ತಿದ್ದ.

ಅವನು ತೀರಿಕೊಂಡು ನಾಲ್ಕು ವರ್ಷ. 2024ರ ನವೆಂಬರ್ 1ರಂದು ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ಬಂತು. ಹದಿನಾರು ವರ್ಷಗಳ ನಂತರ ಅವರ ಹೊಸ ಆಲ್ಬಮ್. ಅದರಲ್ಲಿ ‘ಐ ಕ್ಯಾನ್ ನೆವರ್ ಸೇ ಗುಡ್‌ಬೈ’ ಇದೆ. ಸ್ಮಿತ್ ತಮ್ಮ ಅಣ್ಣ ರಿಚರ್ಡ್ ಅವರನ್ನು ಕಳೆದುಕೊಂಡ ಮೇಲೆ ಬರೆದದ್ದು. ನನಗೆ ಇದು ಮೊದಲೇ ತಿಳಿದಿರಲಿಲ್ಲ. ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡಿದ್ದೆ. ಪಿಯಾನೋದ ಕೆಲವೇ ಸ್ವರಗಳು, ಮತ್ತೆ ಮತ್ತೆ. ಮಾತು ಅರ್ಥವಾದ ಕೂಡಲೇ ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟೆ. ಅದು ನನ್ನ ನಿಲ್ದಾಣವಲ್ಲ.

ತಂಬೂರಿ ಅವರ ಮಾತು ಓದಿದಾಗ ಆ ಪಿಯಾನೋ ನೆನಪಾಯಿತು. ಅಣ್ಣನಿಗೆ ವಿದಾಯ ಹೇಳಲು ದನಿಗೆ ಆಗುತ್ತಿಲ್ಲ. ಪಿಯಾನೋ ಹೇಳುತ್ತಲೇ ಇದೆ.

ತಂಬೂರಿ

ನೀವು ಬರೆದದ್ದು ಒಳ್ಳೆಯದಾಯಿತು. ಇಂದು ಸಂಜೆ ಪಾಠ ಮುಗಿಸಿ ಆ ಹಾಡು ಕೇಳುತ್ತೇನೆ.

ಸಾಗರದಾಚೆ

ಕ್ಯಾಲಿಫೋರ್ನಿಯಾದಿಂದ ಒಂದು ಸೇರಿಕೆ. 2023ರ ಉತ್ತರ ಅಮೆರಿಕ ಪ್ರವಾಸದಲ್ಲಿ ಅವರು ಕೆಲವು ಟಿಕೆಟ್‌ಗಳನ್ನು 20 ಡಾಲರಿಗೇ ಇಟ್ಟಿದ್ದರು. ಟಿಕೆಟ್ ಮಾರುವವರ ಶುಲ್ಕ ಸೇರಿದಾಗ ಮೊತ್ತ ದುಪ್ಪಟ್ಟಾಗುತ್ತಿತ್ತು. ಸ್ಮಿತ್ ಅದನ್ನು ಬಹಿರಂಗವಾಗಿ ಪ್ರಶ್ನಿಸಿದರು, ಕೊನೆಗೆ ಅಗ್ಗದ ಟಿಕೆಟ್ ಕೊಂಡವರಿಗೆ 10 ಡಾಲರ್, ಉಳಿದವರಿಗೆ 5 ಡಾಲರ್ ಮರಳಿ ಬಂತು. ಆಗಲೇ ಅವರು ಆ ಹೊಸ ಆಲ್ಬಮ್ಮಿನ ‘ಅಲೋನ್’ ಮತ್ತು ‘ಎಂಡ್‌ಸಾಂಗ್’ ಹಾಡುಗಳನ್ನು ವೇದಿಕೆಯಲ್ಲಿ ನುಡಿಸುತ್ತಿದ್ದರು. ಆರಂಭಕ್ಕೆ ‘ಅಲೋನ್’. ಮೂರು ನಿಮಿಷ ಕಳೆದರೂ ದನಿ ಇಲ್ಲ, ಸ್ಮಿತ್ ವೇದಿಕೆಯ ಅಂಚಿನಲ್ಲಿ ನಡೆಯುತ್ತ ಜನರ ಮುಖ ನೋಡುತ್ತಿದ್ದರು. ಅರವತ್ನಾಲ್ಕು ವಯಸ್ಸು. ‘ಜಸ್ಟ್ ಲೈಕ್ ಹೆವನ್’ನ ಐವತ್ತು ಸೆಕೆಂಡಿನ ಕಾಯುವಿಕೆ ಬೆಳೆದು ಇಲ್ಲಿಗೆ ಬಂದಿದೆ.

ಕಾಡುದಾರಿ

ಎಲ್ಲರಿಗೂ ಕೃತಜ್ಞತೆ. ನಿನ್ನೆ ಹಾಡುಗಳನ್ನು ಕೊಟ್ಟೆ. ಪಟ್ಟಿ ಬದಲಿಸಿದ್ದೆ: ‘ಪ್ಲೇನ್‌ಸಾಂಗ್’ ಸೇರಿತು, ‘ಇನ್ ಬಿಟ್ವೀನ್ ಡೇಸ್’ ಉಳಿಯಿತು, ಕೊನೆಗೆ ‘ಅಲೋನ್’.

‘ಲಲಬೈ’ ಅವಳಿಗೆ ಹಿಡಿಸಲಿಲ್ಲ. 1990ರಲ್ಲಿ ಬ್ರಿಟ್ ಪ್ರಶಸ್ತಿ ಪಡೆದ ಆ ಜೇಡದ ವಿಡಿಯೋವನ್ನು ಮೊದಲು ತೋರಿಸಿದ್ದು ನನ್ನ ತಪ್ಪು, ಅವಳಿಗೆ ಜೇಡ ಕಂಡರೆ ಭಯ. ಬ್ರಿಟನ್ನಿನಲ್ಲಿ 5ನೇ ಸ್ಥಾನಕ್ಕೆ ಏರಿದ, ಅಲ್ಲಿ ಅವರ ಅತಿ ಹೆಚ್ಚು ಗೆದ್ದ ಹಾಡು ಎಂದೆ. ಸಂಖ್ಯೆ ಅವಳಿಗೆ ಬೇಕಿರಲಿಲ್ಲ. ‘ಪಿಕ್ಚರ್ಸ್ ಆಫ್ ಯೂ’ ಆರಂಭವಾದಾಗ ಎರಡು ನಿಮಿಷ ಸುಮ್ಮನಿದ್ದಳು. ಗಿಟಾರಿಗೂ ಬೇಸಿಗೂ ನಡುವಿನ ಇದು ಯಾವ ವಾದ್ಯ ಎಂದು ಕೇಳಿದಳು. ಆರು ತಂತಿಯ ಬೇಸ್, ಗಿಟಾರಿಗಿಂತ ಒಂದು ಸಪ್ತಕ ಕೆಳಗೆ, ಸ್ಮಿತ್ ಅವರ ಅಚ್ಚುಮೆಚ್ಚಿನ ವಾದ್ಯ ಎಂದು ವಿವರಿಸಿದೆ. ‘ಎ ಫಾರೆಸ್ಟ್’ ಮುಗಿದಾಗ ಕೊನೆಯ ಭಾಗವನ್ನು ಮತ್ತೆ ಹಾಕಿಸಿದಳು. ಮತ್ತೆ. ಇನ್ನೊಮ್ಮೆ. ಆಮೇಲೆ ಅಟ್ಟದ ಮೇಲಿದ್ದ ನನ್ನ ಹಳೆಯ ಬೇಸ್ ಇಳಿಸಿ ಕೊಡಲು ಹೇಳಿದಳು. ಮೂರು ತಂತಿ ಮಾತ್ರ ಉಳಿದಿದೆ, ನಾಲ್ಕನೆಯದನ್ನು ನಾಳೆ ತರುತ್ತೇನೆ. ಗ್ಯಾಲಪ್ ಬೆರಳಿನಿಂದ ಮೀಟುತ್ತಾರೋ ಪಿಕ್ಕಿನಿಂದಲೋ (ತಂತಿ ಮೀಟುವ ಸಣ್ಣ ಬಿಲ್ಲೆ) ಎಂದು ಕೇಳಿದಳು. ಪಿಕ್ಕಿನಿಂದ ಎಂದೆ. ಕಲಿಯುವವಳಿಗೆ ಎಷ್ಟು ದಪ್ಪದ ಪಿಕ್ ಕೊಡಲಿ? ನಾನು ನುಡಿಸುವುದು ಬೆರಳಿನಿಂದ, ನನಗೆ ಈ ಅಂದಾಜಿಲ್ಲ.

ಕಪ್ಪುಕೊಡೆ

ಒಂದು ಮಿಲಿಮೀಟರಿನದು ತನ್ನಿ, ತೆಳ್ಳಗಿನದು ಬೇಸಿನ ತಂತಿಗೆ ಬಾಗುತ್ತದೆ. ಮೊದಲ ವಾರ ದನಿ ಬದಲಿಸುವ ಪೆಡಲ್ ಕೊಡಬೇಡಿ, ತಂತಿಯ ಬರಿಯ ದನಿ ಕಿವಿಗೆ ಕೂರಲಿ.

ಮತ್ತು ‘ಎ ಫಾರೆಸ್ಟ್’ ಕೈಗೆ ಬಂದ ಮೇಲೆ 1981ರ ‘ಪ್ರೈಮರಿ’ ಕಲಿಸಿ. ಅದರಲ್ಲಿ ಗಿಟಾರ್ ಇಲ್ಲ. ಸ್ಮಿತ್ ಒಂದು ಬೇಸ್, ಗ್ಯಾಲಪ್ ಇನ್ನೊಂದು. ನಿಮ್ಮ ಮನೆಯಲ್ಲಿ ಈಗ ಎರಡು ಬೇಸ್ ಇವೆ.